ಹಳೆಯ ಡೀಸೆಲ್ ಜೀಪಿಗೆ ಡಿಜಿಟಲ್ ಡ್ಯಾಶ್‌ಬೋರ್ಡ್: ಸೆಂಡರ್, ತಂತಿ, ಅಲಾರಾಂ

ಎಸ್ಟೇಟ್_ಜೀಪು (ಸಕಲೇಶಪುರ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ 1994ರ ಮಹೀಂದ್ರಾ ಎಂಎಂ 540 ಇದೆ. ಪ್ಯೂಜೊ ವಿನ್ಯಾಸದ 2112 ಸಿಸಿ ಡೀಸೆಲ್ ಇಂಜಿನ್ನು ಇಂದಿಗೂ ಒಂದೇ ಸೆಲ್ಫ್ ಹೊಡೆತಕ್ಕೆ ಶುರುವಾಗುತ್ತದೆ. ಆದರೆ ಮೀಟರುಗಳ ಸ್ಥಿತಿ ಮಾತ್ರ ಹೇಳುವಂತಿಲ್ಲ. ಟ್ಯಾಂಕು ಬಾಯಿಮಟ್ಟ ತುಂಬಿದ್ದರೂ ಡೀಸೆಲ್ ಮುಳ್ಳು ಅರ್ಧಕ್ಕೆ ನಿಲ್ಲುತ್ತದೆ, ಸ್ಪೀಡೊಮೀಟರಿನ ಮುಳ್ಳು 30ರಿಂದ 50ರವರೆಗೆ ಉಯ್ಯಾಲೆಯಾಡುತ್ತದೆ, ಟೆಂಪರೇಚರ್ ಮೀಟರಿನ ಗಾಜಿನೊಳಗೆ ಮಳೆಗಾಲದುದ್ದಕ್ಕೂ ಹನಿ ಕಟ್ಟಿರುತ್ತದೆ. ಕಳೆದ ಜುಲೈಯಲ್ಲಿ ಬಿಸಿಲೆ ಕಡೆಯಿಂದ ಮರಳುವಾಗ ರೇಡಿಯೇಟರ್ ಹೋಸಿನ ಕ್ಲಿಪ್ಪು ಸಡಿಲವಾಗಿ ನೀರು ಸೋರಿಹೋಯಿತು. ಇಂಜಿನ್ ಕಾದದ್ದು ನನಗೆ ತಿಳಿದದ್ದು ಮೀಟರಿನಿಂದಲ್ಲ, ವಾಸನೆಯಿಂದ.

ಆದ್ದರಿಂದ ಇಡೀ ಮೀಟರ್ ಬೋರ್ಡನ್ನೇ ತೆಗೆದು, ನೀರು ಮತ್ತು ಧೂಳು ಹೋಗದಂತೆ ಮುಚ್ಚಿದ 5 ಇಂಚಿನ ಡಿಜಿಟಲ್ ಡಿಸ್‌ಪ್ಲೇ ಒಂದನ್ನು ಕೂರಿಸಬೇಕೆಂದಿದ್ದೇನೆ. ಅದರಲ್ಲಿ ರೆಸಿಸ್ಟೆನ್ಸ್ ಅಳೆಯುವ ನಾಲ್ಕು ಇನ್‌ಪುಟ್, ಪಲ್ಸ್ ಎಣಿಸುವ ಎರಡು ಇನ್‌ಪುಟ್, ಒಳಗೇ ಜಿಪಿಎಸ್, ಎಚ್ಚರಿಕೆಯ ದೀಪಗಳಿಗೆಂದು ಕೆಲವು ತಂತಿಗಳು ಇವೆ. ಕಂಪ್ಯೂಟರಿಗೆ ಜೋಡಿಸಿ ಪ್ರತಿಯೊಂದು ಇನ್‌ಪುಟ್ಟಿಗೂ ನಮ್ಮದೇ ಅಳತೆಯ ಪಟ್ಟಿಯನ್ನು ತುಂಬಬಹುದು. ನನ್ನ ಗೊಂದಲವೇನೆಂದರೆ, ಕಾಯಿಲ್ ಆಗಲಿ ಸ್ಪಾರ್ಕ್ ಪ್ಲಗ್ ಆಗಲಿ ಇಲ್ಲದ ಈ ಇಂಜಿನ್ನಿನ ಆರ್‌ಪಿಎಂ ಅನ್ನು (ನಿಮಿಷಕ್ಕೆ ಎಷ್ಟು ಸುತ್ತು ಎಂಬುದನ್ನು) ಎಲ್ಲಿಂದ ಪಡೆಯುವುದು, ಹಳೆಯ ಸೆಂಡರುಗಳನ್ನು (ಮಟ್ಟ, ಬಿಸಿ, ಒತ್ತಡವನ್ನು ಅಳೆದು ಮೀಟರಿಗೆ ತಿಳಿಸುವ ಭಾಗಗಳನ್ನು) ಇಟ್ಟುಕೊಳ್ಳಬಹುದೇ ಅಥವಾ ಎಲ್ಲವನ್ನೂ ಹೊಸದಾಗಿ ಕೊಳ್ಳಬೇಕೇ, ವೇಗಕ್ಕೆ ಜಿಪಿಎಸ್ ಒಂದೇ ಸಾಕೇ. ಈ ಕೆಲಸ ಮಾಡಿ ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಥಾರ್_2013 (ಬೆಂಗಳೂರು)

ಇಷ್ಟೊಂದು ಕಷ್ಟವೇಕೆ? ನಾನು ಸ್ಟೀರಿಂಗಿನ ಕೆಳಗಿನ ಒಬಿಡಿ ಸಾಕೆಟ್ಟಿಗೆ (ಇಂಜಿನ್ ಕಂಪ್ಯೂಟರಿನ ಅಂಕಿಗಳನ್ನು ಓದುವ ಜಾಗಕ್ಕೆ) ಬ್ಲೂಟೂತ್ ಅಡಾಪ್ಟರ್ ಸಿಕ್ಕಿಸಿ, 8 ಇಂಚಿನ ಟ್ಯಾಬ್ಲೆಟ್ಟಿನಲ್ಲಿ ರಿಯಲ್‌ಡ್ಯಾಶ್ ಆ್ಯಪ್ ಹಾಕಿಕೊಂಡಿದ್ದೇನೆ. ಟೆಂಪರೇಚರ್, ಆರ್‌ಪಿಎಂ, ಟರ್ಬೊ ಒತ್ತಡ ಎಲ್ಲವೂ ಅರ್ಧ ಗಂಟೆಯ ಕೆಲಸದಲ್ಲಿ ಬಂದವು.

ತಂತಿ_ಮೇಷ್ಟ್ರು (ಹಾಸನ)

ಥಾರ್_2013 ಅವರೇ, ನಿಮ್ಮದು ಸಿಆರ್‌ಡಿಇ (ಕಂಪ್ಯೂಟರ್ ನಿಯಂತ್ರಿಸುವ ಡೀಸೆಲ್) ಇಂಜಿನ್ನಿನ ಗಾಡಿ. ಅದರ ಇಸಿಯು, ಅಂದರೆ ಇಂಜಿನ್ ಕಂಪ್ಯೂಟರಿನ ಬಳಿ ಈ ಅಂಕಿಗಳು ಮೊದಲೇ ಇರುತ್ತವೆ, ಆ್ಯಪ್ ಅವುಗಳನ್ನು ಕೇಳಿ ಪಡೆಯುತ್ತದೆ ಅಷ್ಟೆ. ಎಂಎಂ 540ರಲ್ಲಿ ಕೇಳುವುದಕ್ಕೆ ಇಸಿಯುವೇ ಇಲ್ಲ. ಅಲ್ಲಿ ಪ್ರತಿಯೊಂದು ಅಂಕಿಗೂ ಒಂದು ಸೆಂಡರ್, ಒಂದು ತಂತಿ, ಒಂದು ಅರ್ತ್ (ಬ್ಯಾಟರಿಯ ಮೈನಸ್ಸಿಗೆ ಮರಳುವ ದಾರಿ) ಬೇಕು. ನಿಮ್ಮ ವ್ಯವಸ್ಥೆಯ ಬಗ್ಗೆಯೂ ಎರಡು ಮಾತು: ಅಗ್ಗದ ಅಡಾಪ್ಟರುಗಳು ಗಾಡಿ ನಿಂತಾಗಲೂ ಬ್ಯಾಟರಿಯನ್ನು ಹೀರುತ್ತಿರುತ್ತವೆ, ಮತ್ತು ಟ್ಯಾಬ್ಲೆಟ್ಟಿನ ಪರದೆ ಸಾಮಾನ್ಯವಾಗಿ 300ರಿಂದ 400 ನಿಟ್ (ಪರದೆಯ ಹೊಳಪಿನ ಅಳತೆ) ಬೆಳಕಿನದು, ಹುಡ್ ಬಿಚ್ಚಿದ ಜೀಪಿನಲ್ಲಿ ಮಧ್ಯಾಹ್ನದ ಬಿಸಿಲಿಗೆ ಅದು ಕನ್ನಡಿಯಾಗುತ್ತದೆ. ಬಿಸಿಲಿನಲ್ಲಿ ಓದಲು ಸಾವಿರ ನಿಟ್ಟಿನ ಆಸುಪಾಸು ಬೇಕು. ಕಾದ ಟ್ಯಾಬ್ಲೆಟ್ಟು ತನ್ನನ್ನು ತಾನು ಆರಿಸಿಕೊಳ್ಳುವ ಹೊತ್ತೂ ಇಂಜಿನ್ ಕಾಯುವ ಹೊತ್ತೂ ಬಹಳ ಸಲ ಒಂದೇ ಆಗಿರುತ್ತದೆ ಎಂಬುದನ್ನು ಮರೆಯಬಾರದು.

ಇನ್ನು ಎಸ್ಟೇಟ್_ಜೀಪು ಅವರ ಪ್ರಶ್ನೆಗಳು. ಡೀಸೆಲ್ ಇಂಜಿನ್ನಿನ ಆರ್‌ಪಿಎಂ ಅನ್ನು ಆಲ್ಟರ್ನೇಟರಿನಿಂದ (ಬ್ಯಾಟರಿ ಚಾರ್ಜ್ ಮಾಡುವ ಜನರೇಟರಿನಿಂದ) ಪಡೆಯುವುದು ರೂಢಿ. ಆಲ್ಟರ್ನೇಟರಿನ ಹಿಂಭಾಗದಲ್ಲಿ ‘ಡಬ್ಲ್ಯೂ’ ಎಂದು ಗುರುತಿರುವ ಟರ್ಮಿನಲ್ ಇದ್ದರೆ ನಿಮ್ಮ ಕೆಲಸ ಸುಲಭವಾಯಿತು. ಇಲ್ಲದಿದ್ದರೆ ಅದನ್ನು ಬಿಚ್ಚಿ, ಸ್ಟೇಟರಿನ (ಒಳಗೆ ತಿರುಗದೆ ನಿಂತ ಸುರುಳಿಯ) ಮೂರು ಫೇಸುಗಳಲ್ಲಿ ಒಂದರಿಂದ, ಡಯೋಡ್ ತಟ್ಟೆಗೆ ಸೇರುವ ಮೊದಲೇ, ಒಂದು ತಂತಿಯನ್ನು ಹೊರತರಬೇಕು. ಅಲ್ಲಿ ಸಿಗುವುದು ಡಿಸಿಯಾಗುವ ಮೊದಲಿನ ಎಸಿ. ಸಾಮಾನ್ಯ ಆಲ್ಟರ್ನೇಟರಿನಲ್ಲಿ 12 ಧ್ರುವಗಳು, ಅಂದರೆ ಆರು ಜೋಡಿ ಇರುವುದರಿಂದ ಅದರ ಒಂದು ಸುತ್ತಿಗೆ ಆರು ಪಲ್ಸ್ ಬರುತ್ತದೆ. ಇಂಜಿನ್ನಿನ ಪುಲ್ಲಿ ಆಲ್ಟರ್ನೇಟರ್ ಪುಲ್ಲಿಯ ಎರಡರಷ್ಟು ಅಗಲವಿದ್ದರೆ ಇಂಜಿನ್ನಿನ ಒಂದು ಸುತ್ತಿಗೆ 12 ಪಲ್ಸ್. 750 ಆರ್‌ಪಿಎಂನ ಐಡ್ಲಿಂಗಿನಲ್ಲಿ ಸೆಕೆಂಡಿಗೆ 150. ಪುಲ್ಲಿಗಳನ್ನು ಅಳೆದು ಲೆಕ್ಕ ಹಾಕಿ, ಅದನ್ನು ಡಿಸ್‌ಪ್ಲೇಗೆ ಕೊಡಿ. ಅನಂತರ ಇಂಜಿನ್ ಪುಲ್ಲಿಗೆ ಹೊಳೆಯುವ ಪಟ್ಟಿ ಅಂಟಿಸಿ, ಬೆಳಕಿನಿಂದ ಸುತ್ತು ಎಣಿಸುವ ಟ್ಯಾಕೊಮೀಟರಿನಿಂದ ಒಮ್ಮೆ ತಾಳೆ ನೋಡಿ ತಿದ್ದಿಕೊಳ್ಳಿ. ಹಳ್ಳ ದಾಟುವಾಗ ಬೆಲ್ಟು ನೆನೆದು ಜಾರಿದರೆ ಆರ್‌ಪಿಎಂ ಅಂಕಿ ಕುಸಿಯುತ್ತದೆ. ಅದನ್ನು ದೋಷವೆಂದು ನಾನು ತಿಳಿಯುವುದಿಲ್ಲ. ಬೆಲ್ಟು ಜಾರುತ್ತಿದೆ ಎಂಬುದನ್ನು ಅದಕ್ಕಿಂತ ಮೊದಲು ನಿಮಗೆ ಯಾರೂ ಹೇಳುವುದಿಲ್ಲ.

ಸೆಂಡರುಗಳನ್ನು ಬದಲಿಸುವ ಮುನ್ನ ಅಳೆಯಿರಿ. ಡೀಸೆಲ್ ಸೆಂಡರ್ ಎಂದರೆ ತೇಲುವ ಬುಗುರಿಗೆ ಕಟ್ಟಿದ ಒಂದು ರೆಸಿಸ್ಟೆನ್ಸ್. ಕೆಲವು ಗಾಡಿಗಳಲ್ಲಿ ಟ್ಯಾಂಕು ತುಂಬಿದಾಗ ಓಮ್ ಹೆಚ್ಚು, ಕೆಲವದರಲ್ಲಿ ಕಡಿಮೆ. ಡಿಸ್‌ಪ್ಲೇಗೆ ಪಟ್ಟಿ ತುಂಬುವ ಸೌಲಭ್ಯವಿರುವಾಗ ಯಾವ ರೀತಿಯದಾದರೂ ನಡೆಯುತ್ತದೆ. ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಸೆಂಡರಿನ ತುದಿಗೂ ಇನ್ನೊಂದನ್ನು ಮೊದಲು ಟ್ಯಾಂಕಿನ ಮೈಗೂ ಆಮೇಲೆ ಬ್ಯಾಟರಿಯ ಮೈನಸ್ಸಿಗೂ ಇಟ್ಟು ನೋಡಿ. ಎರಡು ಅಂಕಿಗಳಲ್ಲಿ ವ್ಯತ್ಯಾಸವಿದ್ದರೆ ಕಾಯಿಲೆ ಸೆಂಡರಿನದಲ್ಲ, ಅರ್ತಿನದು.

ಎಸ್ಟೇಟ್_ಜೀಪು

ಮೇಷ್ಟ್ರೇ, ನೀವು ಹೇಳಿದಂತೆಯೇ ಇಂದು ಬೆಳಿಗ್ಗೆ ಅಳೆದೆ. ಟ್ಯಾಂಕು ತುಂಬಿರುವಾಗ ಟ್ಯಾಂಕಿನ ಮೈಗೆ 11 ಓಮ್, ಬ್ಯಾಟರಿಯ ಮೈನಸ್ಸಿಗೆ 37 ಓಮ್ ಬಂದಿತು. ನನ್ನ ಗಾಡಿಯಲ್ಲಿ ಖಾಲಿಗೆ 72, ಪೂರ್ಣಕ್ಕೆ 11. ನಡುವೆ ತುಕ್ಕು ಸೇರಿಸಿದ 26 ಓಮ್‌ನಿಂದಾಗಿಯೇ ಮುಳ್ಳು ಇಷ್ಟು ವರ್ಷ ಅರ್ಧಕ್ಕೆ ನಿಂತಿದ್ದು. ಟ್ಯಾಂಕಿನ ಬೋಲ್ಟನ್ನು ಬಿಚ್ಚಿ, ಮರಳು ಕಾಗದದಿಂದ ಉಜ್ಜಿ, ಅಲ್ಲಿಂದ ಚಾಸಿಸ್ಸಿಗೆ ಒಂದು ಹೊಸ ತಂತಿ ಎಳೆದೆ; ಹಳೆಯ ಮೀಟರಿನ ಮುಳ್ಳು ಎದ್ದು ಪೂರ್ಣಕ್ಕೆ ಹೋಗಿ ನಿಂತಿತು! ನನ್ನಾಕೆ ಇದನ್ನು ನೋಡಿ, ಹಾಗಾದರೆ ಹೊಸದಕ್ಕೆ ಕೊಟ್ಟ ದುಡ್ಡು ಏಕೆ ಎಂದು ಕೇಳಿದಳು. ಟೆಂಪರೇಚರ್ ಮೀಟರಿನ ಹನಿಯನ್ನು ತೋರಿಸಿ ತಪ್ಪಿಸಿಕೊಂಡಿದ್ದೇನೆ.

ಕೊಡಚಾದ್ರಿ_ಚಾಲಕ

ನಾನು ಓದಿದವನಲ್ಲ, ಆದರೂ ಒಂದು ಮಾತು ಹೇಳುತ್ತೇನೆ. ನಮ್ಮ ಕಡೆ ಬೆಟ್ಟಕ್ಕೆ ಜನರನ್ನು ಕರೆದೊಯ್ಯುವ ಜೀಪುಗಳು ದಿನಕ್ಕೆ ಎರಡು ಮೂರು ಸಲ ಹತ್ತಿ ಇಳಿಯುತ್ತವೆ. ಕಲ್ಲು ಮತ್ತು ಕೆಸರಿನ ದಾರಿಯಲ್ಲಿ ಒಂದನೇ ಗೇರಿನಲ್ಲಿ ಹತ್ತುವಾಗ ಗಾಡಿಗೆ ಗಾಳಿ ಸಿಗುವುದಿಲ್ಲ, ರೇಡಿಯೇಟರ್ ಫ್ಯಾನಿನ ಗಾಳಿಯಷ್ಟೇ ಗತಿ. ಮೀಟರಿನ ಮುಳ್ಳು ಎಲ್ಲಿದೆ ಎಂದು ನಾವು ಓದುವುದಿಲ್ಲ. ದಿನಾ ನಿಲ್ಲುವ ಜಾಗ ಬಿಟ್ಟು ಆಚೆ ಹೋಗಿದೆಯೇ ಎಂದು ಓರೆಗಣ್ಣಿನಲ್ಲಿ ನೋಡುತ್ತೇವೆ. ಅಂಕಿಯಾದರೆ ಕಣ್ಣು ನೆಟ್ಟು ಓದಬೇಕು. ದಾರಿಯ ಮೇಲೆ ಕಣ್ಣಿಡಬೇಕಾದವನಿಗೆ ಅದು ತೊಂದರೆಯೇ.

ಇನ್ನೊಂದು ವಿಷಯ. ಎರಡು ವರ್ಷದ ಹಿಂದೆ ನನ್ನ ಮಾಲೀಕರು ಜೀಪಿಗೆ ಅಂಕಿ ತೋರಿಸುವ ಟೆಂಪರೇಚರ್ ಮೀಟರ್ ಹಾಕಿಸಿದ್ದರು. ಇಳಿಯುವಾಗ ಕೆಳಗಿನ ಹೋಸಿಗೆ ಕಲ್ಲು ತಗುಲಿ ಸೀಳಿತ್ತು, ನನಗೆ ಗೊತ್ತಾಗಲಿಲ್ಲ. ಮತ್ತೆ ಹತ್ತುವಾಗ ಮೀಟರ್ 84 ಎಂದು ತೋರಿಸುತ್ತಿತ್ತು, ಆಮೇಲೆ 79ಕ್ಕೆ ಇಳಿಯಿತು. ತಣ್ಣಗಿದೆ ಎಂದು ಎಕ್ಸಲರೇಟರ್ ಒತ್ತಿದೆ. ಹೆಡ್ ಗ್ಯಾಸ್ಕೆಟ್ ಹೋಯಿತು, ಹೆಡ್ಡೂ ಬಾಗಿತ್ತು. ಮೀಟರ್ ಕೆಟ್ಟಿರಲಿಲ್ಲ, ಆಮೇಲೆ ನೀರು ತುಂಬಿದಾಗ ಸರಿಯಾಗಿಯೇ ತೋರಿಸಿತು. ಇದಕ್ಕೆ ಏನು ಹೇಳುತ್ತೀರಿ, ಮೇಷ್ಟ್ರೇ?

ತಂತಿ_ಮೇಷ್ಟ್ರು

ಅಣ್ಣಾ, ಇಲ್ಲಿ ಬಂದ ಮಾತುಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದುದನ್ನು ನೀವು ಹೇಳಿದ್ದೀರಿ. ಸೆಂಡರಿನ ಮೂತಿ ನೀರಿನಲ್ಲಿ ಮುಳುಗಿರುವವರೆಗೆ ಮಾತ್ರ ಅದು ನೀರಿನ ಬಿಸಿಯನ್ನು ಹೇಳುತ್ತದೆ. ನೀರು ಇಳಿದು ಮೂತಿ ಬರಿಗಾಳಿಯಲ್ಲಿ ನಿಂತಾಗ ಸುತ್ತಲಿನ ಲೋಹ ಸುಡುತ್ತಿದ್ದರೂ ಸೆಂಡರಿಗೆ ಅದು ತಲುಪುವುದು ತಡವಾಗಿ ಮತ್ತು ಕಡಿಮೆಯಾಗಿ. ಆದ್ದರಿಂದ ಮಾಮೂಲಿಗಿಂತ ಕೆಳಗಿಳಿದ ಅಂಕಿಯೂ ಅಪಾಯದ ಸೂಚನೆಯೇ. ಥರ್ಮೋಸ್ಟ್ಯಾಟ್ (ರೇಡಿಯೇಟರಿಗೆ ನೀರು ಬಿಡುವ ಕವಾಟ) 82 ಡಿಗ್ರಿಯಲ್ಲಿ ತೆರೆಯುವ ಇಂಜಿನ್ನು ಏರು ಹತ್ತುವಾಗ 79ಕ್ಕೆ ಇಳಿಯಲು ಸಕಾರಣವೇ ಇಲ್ಲ.

ಇದಕ್ಕೆ ಎರಡು ಪರಿಹಾರಗಳಿವೆ. ಒಂದು, ರೇಡಿಯೇಟರಿನ ಮೇಲ್ತೊಟ್ಟಿಯಲ್ಲಿ ನೀರಿನ ಮಟ್ಟ ತಿಳಿಸುವ ಸೆನ್ಸರ್. ಇನ್ನೊಂದು, ಸಿಲಿಂಡರ್ ಹೆಡ್ಡಿನ ಬೋಲ್ಟಿನ ಕೆಳಗೆ ವಾಷರಿನಂತೆ ಕೂರುವ, ಲೋಹದ ಬಿಸಿಯನ್ನೇ ಅಳೆಯುವ ಸೆನ್ಸರ್. ಅದನ್ನು ಹೆಡ್ಡನ್ನು ಬಿಗಿದಿರುವ ಬೋಲ್ಟಿಗೆ ಹಾಕಬಾರದು, ಬಿಗಿತ ಕೆಡುತ್ತದೆ. ಹೆಡ್ಡಿನ ಮೈಮೇಲೆ ಬ್ರಾಕೆಟ್ ಹಿಡಿದಿರುವ ಯಾವುದಾದರೂ ಸಣ್ಣ ಬೋಲ್ಟು ಸಾಕು. ಎಸ್ಟೇಟ್_ಜೀಪು ಅವರೇ, ನಾಲ್ಕು ಇನ್‌ಪುಟ್‌ಗಳಲ್ಲಿ ಡೀಸೆಲ್, ನೀರಿನ ಬಿಸಿ, ಆಯಿಲ್ ಒತ್ತಡ ಮೂರಕ್ಕೆ ಹೋದವು. ನಾಲ್ಕನೆಯದನ್ನು ಬೇರಾವುದಕ್ಕೂ ಕೊಡದೆ ಈ ಹೆಡ್ ಸೆನ್ಸರಿಗೇ ಇಡಿ.

ಕಣ್ಣು ನೆಟ್ಟು ಓದಬೇಕೆಂಬ ಆಕ್ಷೇಪವೂ ಸರಿಯೇ. ಹಾಗಾಗಿ ಓದುವ ಕೆಲಸವನ್ನು ಚಾಲಕನಿಗೆ ಬಿಡಬಾರದು, ಮಿತಿ ದಾಟಿದಾಗ ಡಿಸ್‌ಪ್ಲೇ ತಾನಾಗಿ ಕೂಗಬೇಕು. ಇಂಥ ಪರದೆಗಳ ಒಳಗಿನ ಬಜರು ಸೊಳ್ಳೆಯ ಹಾಡಿನಂತಿರುತ್ತದೆ. ಡೀಸೆಲ್ ಜೀಪಿನಲ್ಲಿ ಅದು ಕೇಳಿಸುವುದಿಲ್ಲ. ಅಲಾರಾಂ ಔಟ್‌ಪುಟ್ ಇದ್ದರೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡದನ್ನು ನಡೆಸುವ ಸ್ವಿಚ್ಚು) ಮೂಲಕ ಲಾರಿಗಳ ರಿವರ್ಸ್ ಬಜರನ್ನೇ ಬೋರ್ಡಿನ ಕೆಳಗೆ ಕಟ್ಟಿ, ಜೊತೆಗೆ ಹೆಬ್ಬೆರಳಿನ ಗಾತ್ರದ ಕೆಂಪು ದೀಪವೊಂದಿರಲಿ.

ಮಡಿಕೇರಿ_ಮಂಜು

ಟೆಂಪರೇಚರ್ ಸೆಂಡರಿನ ಪಟ್ಟಿ ತಯಾರಿಸುವಾಗ ನಾನು ಮಾಡಿದ ತಪ್ಪನ್ನು ಹೇಳಿದರೆ ಉಪಯೋಗವಾದೀತು. ಸೆಂಡರನ್ನು ಬಿಚ್ಚಿ, ಅಡುಗೆಮನೆಯ ಪಾತ್ರೆಯೊಂದರಲ್ಲಿ ನೀರು ಕಾಯಿಸಿ, ಅದರ ಮೂತಿ ಮಾತ್ರ ಮುಳುಗುವಂತೆ ತಂತಿಯಲ್ಲಿ ತೂಗುಹಾಕಿದೆ; ಪಾತ್ರೆಯ ತಳಕ್ಕೆ ತಾಗಿದರೆ ಅಂಕಿ ಕೆಡುತ್ತದೆ. ಥರ್ಮಾಮೀಟರ್ ನೋಡುತ್ತಾ 40 ಡಿಗ್ರಿಗೆ 290 ಓಮ್, 60ಕ್ಕೆ 134, 80ಕ್ಕೆ 69 ಎಂದು ಬರೆದುಕೊಂಡೆ. ನೀರು ಕುದಿಯತೊಡಗಿದಾಗ ಹಬೆಗೆ ಥರ್ಮಾಮೀಟರಿನ ಗಾಜು ಮಂಜಾಯಿತು. ಕುದಿಯುವ ನೀರು ಎಂದರೆ 100 ಡಿಗ್ರಿ ತಾನೇ ಎಂದುಕೊಂಡು ಆಗಿನ 43 ಓಮ್ ಅನ್ನು 100ರ ಎದುರಿಗೆ ಬರೆದುಬಿಟ್ಟೆ. ಮಡಿಕೇರಿ ಇರುವುದು ಸಮುದ್ರಮಟ್ಟದಿಂದ ಸುಮಾರು 1,170 ಮೀಟರ್ ಎತ್ತರದಲ್ಲಿ. 300 ಮೀಟರಿಗೆ ಸುಮಾರು ಒಂದು ಡಿಗ್ರಿಯಂತೆ ಕುದಿಬಿಂದು ಇಳಿಯುವುದರಿಂದ ನಮ್ಮ ಮನೆಯ ಒಲೆಯ ಮೇಲೆ ನೀರು ಕುದಿಯುವುದು 96ರ ಹತ್ತಿರ. ಮುಂದೆ ಎಷ್ಟೋ ದಿನ ನನ್ನ ಪರದೆ ನಾಲ್ಕು ಡಿಗ್ರಿ ಹೆಚ್ಚು ಕೂಗುತ್ತಿತ್ತು. ಮಂಡಲಪಟ್ಟಿಯ ಏರಿನಲ್ಲಿ ಕಾರಣವಿಲ್ಲದೆ ಗಾಡಿ ನಿಲ್ಲಿಸಿ ಬಾನೆಟ್ ಎತ್ತಿದ್ದು ಅದೆಷ್ಟು ಸಲವೋ. ಎತ್ತರದ ಊರಿನವರು ಕುದಿಯುವ ನೀರನ್ನು ನಂಬದೆ ಥರ್ಮಾಮೀಟರನ್ನೇ ನಂಬಬೇಕು.

ಸೆಂಡರನ್ನು ಮರಳಿ ಕೂರಿಸುವಾಗ ಬಿಳಿಯ ಪ್ಲಂಬಿಂಗ್ ಟೇಪನ್ನು ದಪ್ಪಗೆ ಸುತ್ತಬೇಡಿ. ಒಂದೇ ತಂತಿಯ ಸೆಂಡರ್ ತನ್ನ ಮರೆಯ (ಥ್ರೆಡ್ಡಿನ) ಮೂಲಕವೇ ಇಂಜಿನ್ನಿಗೆ ಅರ್ತ್ ಆಗುತ್ತದೆ.

ಎಸ್ಟೇಟ್_ಜೀಪು

ಎರಡು ವಾರಗಳ ಕೆಲಸದ ವರದಿ ಇದು. ಹೆಡ್ ಸೆನ್ಸರ್ ತರಿಸಿ ಕೂರಿಸಿದೆ. ನೀರಿನ ಸೆಂಡರನ್ನು ಥರ್ಮಾಮೀಟರಿಟ್ಟು ಅಳೆದೆ. ನಮ್ಮೂರು ಮಡಿಕೇರಿಯಷ್ಟು ಎತ್ತರದಲ್ಲಿಲ್ಲದಿದ್ದರೂ ಇಲ್ಲಿಯೂ ನೀರು 97ಕ್ಕೇ ಕುದಿಯಿತು.

ಡೀಸೆಲ್ ಪಟ್ಟಿ ಮಾಡಲು ಟ್ಯಾಂಕನ್ನು ಪೂರ್ತಿ ಬರಿದುಮಾಡಿ, ಕಾಫಿ ಕಣದ ಸಮತಟ್ಟಾದ ನೆಲದ ಮೇಲೆ ಗಾಡಿ ನಿಲ್ಲಿಸಿ, 5 ಲೀಟರಿನ ಅಳತೆಯ ಕ್ಯಾನಿನಿಂದ ಸುರಿಯುತ್ತಾ ಹೋದೆ. ಪ್ರತಿ ಕ್ಯಾನಿನ ಬಳಿಕ ಬುಗುರಿ ನೆಲೆಯಾಗಲೆಂದು ಒಂದೆರಡು ನಿಮಿಷ ಕಾದು ಓಮ್ ಬರೆದುಕೊಂಡೆ. ಮೊದಲ 5 ಲೀಟರಿಗೆ ಅಂಕಿ ಅಲುಗಾಡಲೇ ಇಲ್ಲ, ಬುಗುರಿ ತಳದಲ್ಲಿಯೇ ಒರಗಿತ್ತು. ನಡುವಿನಲ್ಲಿ ಕ್ಯಾನಿಗೆ 9, 10 ಓಮ್‌ನಂತೆ ಇಳಿಯಿತು, ಮೇಲೆ ಹೋದಂತೆ ಮತ್ತೆ ನಿಧಾನವಾಯಿತು. ಖಾಲಿ ಮತ್ತು ಪೂರ್ಣ ಎಂಬ ಎರಡೇ ಅಂಕಿಗಳನ್ನು ಕೊಟ್ಟು ನಡುವೆ ನೇರ ಗೆರೆ ಎಳೆದಿದ್ದರೆ ಅರ್ಧ ಟ್ಯಾಂಕಿನಲ್ಲಿಯೇ ಮೂರು ನಾಲ್ಕು ಲೀಟರಿನ ಸುಳ್ಳು ಹೇಳುತ್ತಿತ್ತು.

ವೇಗಕ್ಕೆ ಮೊದಲು ಜಿಪಿಎಸ್ಸನ್ನೇ ನಂಬಿದ್ದೆ. ಹೆದ್ದಾರಿಯಲ್ಲಿ ಅದು ಚೆನ್ನಾಗಿಯೇ ಇದೆ. ಆದರೆ ತೋಟದ ಸಿಲ್ವರ್ ಓಕ್ ಮರಗಳ ನೆರಳಿನಲ್ಲಿ ಅಂಕಿ ತಡವರಿಸುತ್ತದೆ, ನಿಂತ ಗಾಡಿಗೂ ಒಮ್ಮೊಮ್ಮೆ 2 ಕಿ.ಮೀ. ವೇಗ ಕೊಡುತ್ತದೆ. ಆದ್ದರಿಂದ ಹಿಂದಿನ ಜಾಯಿಂಟಿಗೆ, ಅಂದರೆ ಪ್ರೊಪೆಲ್ಲರ್ ಶಾಫ್ಟಿಗೆ, ಎದುರುಬದುರಾಗಿ ಎರಡು ಆಯಸ್ಕಾಂತಗಳನ್ನು ಕ್ಲಾಂಪಿನಲ್ಲಿ ಬಿಗಿದು, ಬ್ರಾಕೆಟ್ಟಿನ ಮೇಲೆ ಹಾಲ್ ಸೆನ್ಸರ್ (ಆಯಸ್ಕಾಂತ ಹಾದುಹೋದಾಗ ಪಲ್ಸ್ ಕೊಡುವ ಸೆನ್ಸರ್) ಇಟ್ಟೆ. ಒಂದು ಕಿಲೋಮೀಟರಿಗೆ ಎಷ್ಟು ಪಲ್ಸ್ ಎಂದು ತಿಳಿಯಲು ಹಿಂದಿನ ಒಂದೇ ಚಕ್ರವನ್ನು ಜಾಕಿನಲ್ಲಿ ಎತ್ತಿ, ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಗೇರನ್ನು ನ್ಯೂಟ್ರಲ್ಲಿನಲ್ಲಿಟ್ಟು ಸುತ್ತಿಸಿದೆ. ಇನ್ನೊಂದು ಚಕ್ರ ನೆಲದ ಮೇಲೆ ಅಲುಗಾಡದೆ ನಿಂತಿರುವಾಗ ಡಿಫರೆನ್ಷಿಯಲ್ಲಿನ (ಶಾಫ್ಟಿನ ಸುತ್ತನ್ನು ಎರಡು ಚಕ್ರಗಳಿಗೆ ಹಂಚುವ ಗೇರುಗಳ) ಗುಣದಿಂದಾಗಿ ಎತ್ತಿದ ಚಕ್ರವನ್ನು ಎರಡು ಸುತ್ತು ಸುತ್ತಿಸಿದರೆ ಮಾತ್ರ ಒಂದು ಸುತ್ತಿನ ಲೆಕ್ಕ. ಇದು ನೆನಪಿಗೆ ಬರುವವರೆಗೆ ನನ್ನ ಅಂಕಿ ಅರ್ಧಕ್ಕರ್ಧ ಕಡಿಮೆ ಬರುತ್ತಿತ್ತು! ಶಾಫ್ಟಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಎಣಿಸಿದಾಗ ಐದು ಸುತ್ತು ಮತ್ತು ಮೂರನೇ ಒಂದಕ್ಕಿಂತ ತುಸು ಹೆಚ್ಚು. ಅಂದರೆ ಹಳೆಯ ಜೀಪುಗಳ 43ಕ್ಕೆ 8 ಹಲ್ಲಿನ, 5.38ರ ಅನುಪಾತ. ನನ್ನ 235/75 ಆರ್ 15 ಟಯರಿನ ಸುತ್ತಳತೆ ಲೆಕ್ಕದಲ್ಲಿ 2.30 ಮೀಟರ್. ಕಿಲೋಮೀಟರಿಗೆ ಚಕ್ರದ 434 ಸುತ್ತು, ಶಾಫ್ಟಿನ ಸುಮಾರು 2,335 ಸುತ್ತು, ಎರಡು ಆಯಸ್ಕಾಂತಕ್ಕೆ 4,670 ಪಲ್ಸ್. ಭಾರ ಬಿದ್ದ ಟಯರು ತುಸು ಚಪ್ಪಟೆಯಾಗುವುದರಿಂದ ನಿಜವಾದ ಸಂಖ್ಯೆ ಇನ್ನೂ ಸ್ವಲ್ಪ ಹೆಚ್ಚಾಗಬೇಕು. ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳ ನಡುವೆ ಓಡಿಸಿ 4,790ಕ್ಕೆ ತಿದ್ದಿದ್ದೇನೆ. ಕೆಸರಿನಲ್ಲಿ ಚಕ್ರ ಬರಿದೇ ಸುತ್ತುವಾಗ ಇದು 25 ಎನ್ನುತ್ತದೆ, ಜಿಪಿಎಸ್ 3 ಎನ್ನುತ್ತದೆ. ಎರಡನ್ನೂ ಪರದೆಯಲ್ಲಿ ಅಕ್ಕಪಕ್ಕದಲ್ಲಿಟ್ಟುಕೊಂಡಿದ್ದೇನೆ; ಎಷ್ಟು ವ್ಯರ್ಥವಾಗಿ ಗುಂಡಿ ತೋಡುತ್ತಿದ್ದೇನೆಂದು ಅದರಿಂದ ತಿಳಿಯುತ್ತದೆ.

ಈ ವಾರ ಹಳೆಯ ಬೋರ್ಡನ್ನು ತೆಗೆದು ಎಲ್ಲವನ್ನೂ ಹೊಸದಕ್ಕೆ ವರ್ಗಾಯಿಸುತ್ತೇನೆ.

ತಂತಿ_ಮೇಷ್ಟ್ರು

ವರ್ಗಾಯಿಸುವ ಮೊದಲು ಕರೆಂಟಿನ ವಿಷಯ. ಪರದೆಯ ಪ್ಲಸ್ ತಂತಿಯನ್ನು ಹಾರ್ನಿನಿಂದಲೋ ವೈಪರಿನಿಂದಲೋ ಕದಿಯಬೇಡಿ. ಬ್ಯಾಟರಿಯಿಂದಲೇ ಬೇರೆ ತಂತಿ ಎಳೆದು, ಬ್ಯಾಟರಿಯ ಪಕ್ಕದಲ್ಲಿಯೇ 3 ಆಂಪಿಯರ್ ಫ್ಯೂಸು ಇಟ್ಟು, ಕೀಲಿಯಿಂದ ನಡೆಯುವ ರಿಲೇ ಹಾಕಿ. ಸೆಲ್ಫ್ ಹೊಡೆಯುವ ಕ್ಷಣದಲ್ಲಿ ವೋಲ್ಟೇಜು 8ರ ಹತ್ತಿರಕ್ಕೆ ಬಿದ್ದು ಪರದೆ ಆರಿ ಹತ್ತಿದರೆ ಗಾಬರಿಯಾಗಬೇಕಿಲ್ಲ. ಗಾಬರಿಯಾಗಬೇಕಾದದ್ದು ಇಂಜಿನ್ ಓಡುತ್ತಿರುವಾಗ ಬ್ಯಾಟರಿಯ ಟರ್ಮಿನಲ್ ಕಳಚಿದರೆ. ಆಗ 12 ವೋಲ್ಟಿನ ಗಾಡಿಯಲ್ಲಿಯೂ ಕ್ಷಣಮಾತ್ರ 80 ವೋಲ್ಟ್ ಮೀರಿ ಏರಬಹುದು. ಅದನ್ನು ನುಂಗಲು ಪರದೆಯ ತಂತಿಗೆ ಒಂದು ಟಿವಿಎಸ್ ಡಯೋಡ್ (ಹಠಾತ್ತನೆ ಏರಿದ ವೋಲ್ಟೇಜನ್ನು ತಡೆಯುವ ಭಾಗ) ಇರಲಿ. ಸೇನೆಯ ಹರಾಜಿನಲ್ಲಿ ಕೊಂಡ ಗಾಡಿಯವರು ಯಾರಾದರೂ ಇದನ್ನು ಓದುತ್ತಿದ್ದರೆ, ಮೊದಲು ಬ್ಯಾಟರಿ ಎಣಿಸಿರಿ: ಅವುಗಳಲ್ಲಿ ಹಲವು 24 ವೋಲ್ಟಿನವು.

ಅರ್ತ್ ಬಗ್ಗೆ ನಿಮಗೆ ಇನ್ನು ಹೇಳಬೇಕಾಗಿಲ್ಲ. ಆದರೂ ಹೆಡ್‌ಲೈಟು, ವೈಪರು ಎಲ್ಲ ಹಾಕಿ, ಪರದೆಯ ಮೈನಸ್ಸಿಗೂ ಇಂಜಿನ್ ಬ್ಲಾಕಿಗೂ ನಡುವೆ ವೋಲ್ಟ್ ಅಳೆಯಿರಿ. 0.1 ವೋಲ್ಟಿಗಿಂತ ಹೆಚ್ಚು ಬಂದರೆ ಲೈಟು ಹಾಕಿದಾಗಲೆಲ್ಲ ಟೆಂಪರೇಚರ್ ಜಿಗಿಯುತ್ತದೆ. ಬೆಸುಗೆಯ ಬದಲು ಕ್ರಿಂಪ್ ಮಾಡಿ (ಲೋಹದ ತುದಿಯನ್ನು ಇಕ್ಕಳದಿಂದ ಒತ್ತಿ ಬಿಗಿಯಿರಿ). ಬೆಸುಗೆ ಹಾಕಿದಲ್ಲಿ ತಂತಿ ಗಟ್ಟಿಯಾಗಿ, ನಡುಕಕ್ಕೆ ಅದರ ಅಂಚಿನಲ್ಲಿಯೇ ತುಂಡಾಗುತ್ತದೆ.

ಎಸ್ಟೇಟ್_ಜೀಪು

ಮೇಷ್ಟ್ರೇ, ತೊಂದರೆಯಾಗಿದೆ. ಭಾನುವಾರ ಎಲ್ಲವನ್ನೂ ಜೋಡಿಸಿದೆ, ಪರದೆ ಸೊಗಸಾಗಿ ಬೆಳಗಿತು. ಆದರೆ ಇಂಜಿನ್ ಶುರುವಾದ ಮೇಲೂ ಆರ್‌ಪಿಎಂ ಸೊನ್ನೆಯಲ್ಲಿಯೇ ಇರುತ್ತದೆ. ಒಮ್ಮೆ ಜೋರಾಗಿ ಎಕ್ಸಲರೇಟರ್ ಒತ್ತಿದರೆ ತಟ್ಟನೆ ಸರಿಯಾದ ಅಂಕಿ ಬಂದು, ಆಮೇಲೆ ಐಡ್ಲಿಂಗಿನಲ್ಲಿಯೂ ನಿಲ್ಲುತ್ತದೆ. ಡಬ್ಲ್ಯೂ ತಂತಿಯ ಜೋಡಣೆ ಸಡಿಲವೆಂದು ಎರಡು ಸಲ ಬಿಚ್ಚಿ ಕಟ್ಟಿದೆ, ಪ್ರಯೋಜನವಾಗಲಿಲ್ಲ. ಪರದೆಯ ವೋಲ್ಟ್‌ಮೀಟರೂ ತಪ್ಪು ತೋರಿಸುತ್ತಿದೆ, ಇಂಜಿನ್ ಓಡುವಾಗಲೂ 12.1 ಎನ್ನುತ್ತದೆ. ತೋಟದೊಳಗೆ ಮೂರು ದಿನ ಹೀಗೆಯೇ ಓಡಿಸಿದೆ. ಇಂದು ಬೆಳಿಗ್ಗೆ ಸೆಲ್ಫ್ ಹೊಡೆದರೆ ಬರೀ ಟಕ್ ಎಂದಿತು. ಕೆಲಸಕ್ಕೆ ಬಂದ ಆಳುಗಳನ್ನು ಕರೆದು ಇಳಿಜಾರಿಗೆ ತಳ್ಳಿಸಬೇಕಾಯಿತು. ಬ್ಯಾಟರಿ ಕಳೆದ ವರ್ಷ ಕೊಂಡದ್ದು. ಪರದೆ ಕೊಟ್ಟವರನ್ನು ಕೇಳಿದರೆ ಗಾಡಿಯ ವೈರಿಂಗ್ ಹಳೆಯದು ಎಂದು ಕೈತೊಳೆದುಕೊಂಡರು. ಪರದೆಯೇ ಬ್ಯಾಟರಿಯನ್ನು ತಿನ್ನುತ್ತಿರಬಹುದೇ?

ತಂತಿ_ಮೇಷ್ಟ್ರು

ಪರದೆ ತಿನ್ನುತ್ತಿಲ್ಲ, ತಪ್ಪನ್ನೂ ತೋರಿಸುತ್ತಿಲ್ಲ. 12.1 ಎಂಬುದು ನಿಜ. ನಿಮ್ಮ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿಲ್ಲ. ಆರ್‌ಪಿಎಂ ಬಾರದಿರುವುದೂ ಬ್ಯಾಟರಿ ಇಳಿದದ್ದೂ ಒಂದೇ ಕಾಯಿಲೆಯ ಎರಡು ಲಕ್ಷಣಗಳು. ನಾನು ಮೊದಲೇ ಹೇಳಬೇಕಿತ್ತು, ಮರೆತದ್ದು ನನ್ನ ತಪ್ಪು.

ಹಳೆಯ ಬೋರ್ಡಿನಲ್ಲಿ ಬ್ಯಾಟರಿಯ ಚಿತ್ರವಿದ್ದ ಕೆಂಪು ಚಾರ್ಜಿಂಗ್ ಬಲ್ಬನ್ನು ನೆನಪಿಸಿಕೊಳ್ಳಿ. ಅದು ಬರೀ ಸೂಚನೆಗಿರುವ ಬಲ್ಬಲ್ಲ. ಕೀಲಿ ತಿರುಗಿಸಿದಾಗ ಬ್ಯಾಟರಿಯ ಕರೆಂಟು ಆ ಬಲ್ಬಿನ ಮೂಲಕವೇ ಹಾದು ಆಲ್ಟರ್ನೇಟರಿನ ರೋಟರಿಗೆ (ಒಳಗೆ ತಿರುಗುವ ಸುರುಳಿಗೆ) ಹೋಗಿ, ಅದನ್ನು ಮೊದಲ ಬಾರಿಗೆ ಆಯಸ್ಕಾಂತವಾಗಿಸುತ್ತದೆ. ಆಯಸ್ಕಾಂತವಿದ್ದರೆ ತಾನೇ ತಿರುಗಿದಾಗ ಕರೆಂಟು ಹುಟ್ಟುವುದು? ನೀವು ಬೋರ್ಡಿನ ಜೊತೆಗೆ ಬಲ್ಬನ್ನೂ ತೆಗೆದು, ಆ ತಂತಿಯನ್ನು ಪರದೆಯ ಎಚ್ಚರಿಕೆ ಇನ್‌ಪುಟ್ಟಿಗೆ ಕೊಟ್ಟಿದ್ದೀರಿ. ಆ ಇನ್‌ಪುಟ್ ವೋಲ್ಟೇಜನ್ನು ನೋಡುತ್ತದೆಯೇ ಹೊರತು ಕರೆಂಟನ್ನು ಹಾಯಿಸುವುದಿಲ್ಲ. ಜೋರಾಗಿ ತಿರುಗಿಸಿದಾಗ ರೋಟರಿನಲ್ಲಿ ಉಳಿದಿರುವ ಅಲ್ಪಸ್ವಲ್ಪ ಕಾಂತತ್ವದಿಂದಲೇ ಅದು ಎಚ್ಚೆತ್ತುಕೊಳ್ಳುತ್ತದೆ. ಹೆದ್ದಾರಿಯಲ್ಲಿ ಓಡಿಸುವವರಿಗೆ ಈ ತೊಂದರೆ ತಿಳಿಯುವುದೇ ಇಲ್ಲ. ನೀವು ತೋಟದೊಳಗೆ ಲೋ ಗೇರಿನಲ್ಲಿ ತೆವಳುವವರು, ನಿಮ್ಮ ಆಲ್ಟರ್ನೇಟರ್ ದಿನವಿಡೀ ನಿದ್ದೆ ಮಾಡಿದೆ. ಎಚ್ಚೆತ್ತಿಲ್ಲದ ಆಲ್ಟರ್ನೇಟರಿನ ಡಬ್ಲ್ಯೂ ತುದಿಯಲ್ಲಿ ಎಣಿಸುವಷ್ಟು ಪಲ್ಸ್ ಇರುವುದಿಲ್ಲ, ಹಾಗಾಗಿ ಆರ್‌ಪಿಎಂ ಸೊನ್ನೆ.

ಹಳೆಯ ಬಲ್ಬು 2.2 ವಾಟಿನದಾಗಿದ್ದರೆ ಅದರ ಮೂಲಕ ಸುಮಾರು 0.18 ಆಂಪಿಯರ್ ಹರಿಯುತ್ತಿತ್ತು, ಅಂದರೆ 65 ಓಮ್. ಅಂಗಡಿಯಲ್ಲಿ ಸಿಗುವ 68 ಓಮಿನ ರೆಸಿಸ್ಟರ್ ತಂದು, ಕೀಲಿಯಿಂದ ಬರುವ ಪ್ಲಸ್ಸಿಗೂ ಆಲ್ಟರ್ನೇಟರಿನ ಆ ತಂತಿಗೂ ನಡುವೆ ಕಟ್ಟಿ. ಪರದೆಯ ಇನ್‌ಪುಟ್ ತಂತಿ ಇದ್ದಲ್ಲಿಯೇ ಇರಲಿ. ಇಂಜಿನ್ ನಿಂತಿದ್ದು ಕೀಲಿ ಮಾತ್ರ ಹಾಕಿರುವಾಗ ಅದರಲ್ಲಿ 2 ವಾಟಿಗಿಂತ ಹೆಚ್ಚು ಶಾಖ ಹುಟ್ಟುತ್ತದೆ. ಆದ್ದರಿಂದ 5 ವಾಟಿನ ಸಿಮೆಂಟ್ ರೆಸಿಸ್ಟರನ್ನೇ ಕೇಳಿ ತನ್ನಿ, ಪ್ಲಾಸ್ಟಿಕ್ಕಿಗೆ ತಾಗದಂತೆ ಲೋಹದ ಮೇಲೆ ಕಟ್ಟಿ. ಅದೂ ಬೇಡವೆಂದರೆ ಹಳೆಯ ಬಲ್ಬನ್ನೇ ಹೋಲ್ಡರಿನ ಸಮೇತ ಬೋರ್ಡಿನ ಮೂಲೆಯಲ್ಲಿ ಸಿಕ್ಕಿಸಿ. ನನ್ನ ಮನಸ್ಸಿಗೆ ಅದೇ ಹೆಚ್ಚು ಒಪ್ಪಿಗೆ: ಪರದೆ ಸತ್ತ ದಿನವೂ ಅದು ಉರಿಯುತ್ತದೆ.

ಥಾರ್_2013

ನಡುವೆ ಬಾಯಿ ಹಾಕುವುದಕ್ಕೆ ಕ್ಷಮಿಸಿ. ನನ್ನ ತಮ್ಮ ಹೊಸ ಥಾರ್ ಕೊಂಡಿದ್ದಾನೆ, 2020ರ ಬಳಿಕ ಬಂದ ಮಾದರಿಯದು. ಅದರ ಮೀಟರ್ ಬೋರ್ಡನ್ನೂ ಹೀಗೆ ಬದಲಿಸಬಹುದೇ? ಕಾನೂನಿನ ಅಡ್ಡಿ ಏನಾದರೂ ಇದೆಯೇ?

ಮಡಿಕೇರಿ_ಮಂಜು

ಹೊಸ ಗಾಡಿಯ ಬೋರ್ಡಿಗೆ ಕೈ ಹಾಕಬೇಡಿ. ಅದು ಕ್ಯಾನ್ (ಗಾಡಿಯ ಕಂಪ್ಯೂಟರುಗಳ ನಡುವಿನ ಸಂದೇಶ ಜಾಲ) ತಂತಿಗಳ ಮೂಲಕ ಉಳಿದ ಕಂಪ್ಯೂಟರುಗಳೊಡನೆ ಸದಾ ಮಾತನಾಡುತ್ತಿರುತ್ತದೆ. ಒಂದನ್ನು ಕಿತ್ತರೆ ಎಚ್ಚರಿಕೆಯ ದೀಪಗಳು ಸಾಲಾಗಿ ಹತ್ತುತ್ತವೆ, ವಾರಂಟಿಯೂ ಹೋಗುತ್ತದೆ. ವಾಲಿಕೆಯ ಕೋನಗಳನ್ನು ಆ ಗಾಡಿಯ ಟಚ್‌ಸ್ಕ್ರೀನ್ ಹೇಗೂ ತೋರಿಸುತ್ತದೆ. ಕಾನೂನಿನ ಮಾತಿಗೆ ಬಂದರೆ, 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಕೆಲಸ ಮಾಡುವ ಸ್ಪೀಡೊಮೀಟರ್ ಗಾಡಿಯಲ್ಲಿರಬೇಕು. 15 ವರ್ಷ ದಾಟಿದ ಖಾಸಗಿ ಗಾಡಿಯನ್ನು 5 ವರ್ಷಕ್ಕೊಮ್ಮೆ ನೋಂದಣಿ ನವೀಕರಣಕ್ಕೆ ಆರ್‌ಟಿಒ ಮುಂದೆ ನಿಲ್ಲಿಸಬೇಕಾಗುತ್ತದೆ. ನಾನು ಹಳೆಯ ಸ್ಪೀಡೊಮೀಟರನ್ನು ಕೇಬಲ್ ಸಮೇತ ಹಾಗೆಯೇ ಉಳಿಸಿಕೊಂಡಿದ್ದೇನೆ. ಓಡೊಮೀಟರಿನ ಲೆಕ್ಕ ಕಡಿಯುವುದಿಲ್ಲ, ಮುಂದೆ ಮಾರುವಾಗ ಯಾರಿಗೂ ವಿವರಣೆ ಕೊಡಬೇಕಾಗುವುದಿಲ್ಲ.

ಎಸ್ಟೇಟ್_ಜೀಪು

ಬಲ್ಬನ್ನೇ ಮರಳಿ ಹಾಕಿದೆ. ಕೀಲಿ ತಿರುಗಿಸಿದಾಗ ಕೆಂಪಗೆ ಹತ್ತಿತು, ಸೆಲ್ಫ್ ಹೊಡೆದ ಕೂಡಲೇ ಆರಿತು, ಆರ್‌ಪಿಎಂ 760, ವೋಲ್ಟೇಜು 14.2. ಮೇಷ್ಟ್ರಿಗೆ ಏನು ಹೇಳಲಿ! ಪರದೆ ಮೂರು ದಿನ ನಿಜ ಹೇಳುತ್ತಿದ್ದರೂ ಅದನ್ನೇ ಅನುಮಾನಿಸಿದೆ. ಸುಳ್ಳು ಹೇಳುತ್ತಿದ್ದ ಡೀಸೆಲ್ ಮುಳ್ಳನ್ನು ವರ್ಷಗಟ್ಟಲೆ ನಂಬಿದ್ದೆ. ಸ್ಪೀಡೊಮೀಟರಿನ ಕೇಬಲ್ಲನ್ನೂ ಹೊರಗೆಳೆದು ಗ್ರೀಸು ಹಚ್ಚಿದೆ, ಉಯ್ಯಾಲೆ ಮುಕ್ಕಾಲು ಪಾಲು ನಿಂತಿದೆ. ಅದೂ ಪರದೆಯ ಪಕ್ಕದಲ್ಲಿಯೇ ಇರಲಿ.

ಈಗ ಮಳೆ ಹಿಡಿದು ಆರು ವಾರಗಳಾದವು. ಪರದೆಯೊಳಗೆ ಹನಿ ಕಟ್ಟಿಲ್ಲ. ಅದರ ಹಿಂದಿನ ಕನೆಕ್ಟರ್ ಕೆಳಮುಖವಾಗಿರುವಂತೆ ಕೂರಿಸಿ, ತಂತಿಗಳನ್ನು ಒಮ್ಮೆ ಕೆಳಕ್ಕೆ ಬಾಗಿಸಿ ಮೇಲೆ ತಂದಿದ್ದೇನೆ, ತಂತಿಯ ಗುಂಟ ಇಳಿದ ನೀರು ಬಾಗಿದಲ್ಲಿಯೇ ತೊಟ್ಟಿಕ್ಕಿ ಹೋಗುತ್ತದೆ. ನೀರಿಗಿಂತ ಹೆಚ್ಚು ಕಾಟ ಕೊಟ್ಟದ್ದು ಇಲಿ. ಹೆಡ್ ಸೆನ್ಸರಿನ ತಂತಿಯನ್ನು ಕಡಿದಿತ್ತು; ಬೆಳಿಗ್ಗೆ ಪರದೆಯಲ್ಲಿ ಅಂಕಿಯ ಬದಲು ಗೆರೆಗಳು ಕಂಡವು. ಎಲ್ಲ ತಂತಿಗಳನ್ನೂ ಸುರುಳಿ ಪೈಪಿನೊಳಗೆ ಹಾಕಿ, ರಾತ್ರಿ ಬಾನೆಟ್ ಎತ್ತಿಟ್ಟು ಮಲಗುತ್ತಿದ್ದೇನೆ.

ಅಲಾರಾಂಗಳನ್ನು ಹೀಗೆ ಇಟ್ಟುಕೊಂಡಿದ್ದೇನೆ: ನೀರು 98 ಡಿಗ್ರಿ ದಾಟಿದರೆ ಹಳದಿ, 104ಕ್ಕೆ ಬಜರು, ಇಂಜಿನ್ ಒಮ್ಮೆ ಬಿಸಿಯಾದ ಮೇಲೆ 78ಕ್ಕಿಂತ ಕೆಳಗಿಳಿದರೂ ಹಳದಿ. ಹೆಡ್ ಲೋಹಕ್ಕೆ ಮಾಮೂಲಿ ಏರಿನಲ್ಲಿ ಬರುವ ಅಂಕಿಗಿಂತ 15 ಡಿಗ್ರಿ ಮೇಲೆ ಬಜರು. ಡೀಸೆಲ್ ಅಂಕಿ ಕುಲುಕಾಟಕ್ಕೆ ಕುಣಿಯದಂತೆ ಅರ್ಧ ನಿಮಿಷದ ಸರಾಸರಿ ಕೊಟ್ಟಿದ್ದೇನೆ, ಆಯಿಲ್ ಒತ್ತಡಕ್ಕೆ ಸರಾಸರಿಯನ್ನೇ ಕೊಟ್ಟಿಲ್ಲ. ಕಡಿದಾದ ಇಳಿಜಾರಿನಲ್ಲಿ ಆಯಿಲ್ ಒಂದು ಕಡೆ ಸರಿದು ಪಂಪು ಗಾಳಿ ಹೀರಿದರೆ ಅದು ತಕ್ಷಣ ತಿಳಿಯಬೇಕು.

ಕೊಡಚಾದ್ರಿ_ಚಾಲಕ

ಕೆಳಗಿಳಿದರೂ ಕೂಗುವ ಅಲಾರಾಂ ಇಟ್ಟದ್ದು ಒಳ್ಳೆಯದಾಯಿತು. ನಮ್ಮ ಮಾಲೀಕರಿಗೆ ಇದನ್ನೆಲ್ಲ ಓದಿ ಹೇಳಿದೆ. ಪರದೆ ಬೇಡ, ಆ ಹೆಡ್ ಸೆನ್ಸರೂ ರಿವರ್ಸ್ ಬಜರೂ ಮಾತ್ರ ಹಾಕಿಸೋಣ ಎಂದಿದ್ದಾರೆ. ಮೇಷ್ಟ್ರೇ, ಹಾಸನಕ್ಕೆ ಗಾಡಿ ತಂದರೆ ಒಂದು ದಿನದಲ್ಲಿ ಆಗುವ ಕೆಲಸವೇ ಇದು?

ತಂತಿ_ಮೇಷ್ಟ್ರು

ಅರ್ಧ ದಿನ ಸಾಕು. ಗಾಡಿ ತರುವ ಮುಂಚೆ ಬ್ಯಾಟರಿಯ ಅರ್ತ್ ಬೋಲ್ಟನ್ನು ಬಿಚ್ಚಿ ಉಜ್ಜಿಕೊಂಡು ಬನ್ನಿ.